ಹಟ್ಟಿಮಾತಿನ ವಿಳಾಸ ತಿದ್ದದಿರುವ ಬಗ್ಗೆ

ಇಂದ,
ಪಂಪು ರಿಪೇರಿಯವನು ಹಾಗೂ ಮನೆಅಳಿಯ,
ಉಣ್ಣೆ ಗೋದಾಮಿಗೆ ಅಂಟಿಕೊಂಡ ಮನೆ,
ತೊರೆಯ ಈಚೆ ದಡ.

ಗೆ,
ಮುಖ್ಯ ಅಧಿಕಾರಿಗಳು,
ಅಂತರ್ಜಾಲ ಹೆಸರು ನೋಂದಣಿ ಕಚೇರಿ,
ದಾಖಲೆ ತಿದ್ದುಪಡಿ ವಿಭಾಗ.

ವಿಷಯ: ‘ಹಟ್ಟಿಮಾತು’ ಎಂಬ ನಮ್ಮ ಹೆಸರು (ಕೊನೆಯ ಚುಕ್ಕೆ ಮತ್ತು ಬಾಲವನ್ನು ತಾವೇ ಸೇರಿಸಿ ಓದಿಕೊಳ್ಳುವುದು) ತಪ್ಪು ವಿಳಾಸಕ್ಕೆ ಜೋಡಣೆಯಾಗಿದ್ದು, ಸದರಿ ತಪ್ಪನ್ನು ಹಾಗೆಯೇ ಮುಂದುವರಿಸಲು ಅನುಮತಿ ಕೋರಿ.

ಉಲ್ಲೇಖ: 1) ತಮ್ಮ ಕಚೇರಿಯಿಂದ ಮತ್ತೆ ಮತ್ತೆ ಬಂದಿರುವ, ಒಂದೇ ಒಕ್ಕಣೆಯ ಎಚ್ಚರಿಕೆ ಸೂಚನೆ.
2) ನಮ್ಮ ಅತ್ತೆಯವರ ಮೌಖಿಕ ಆದೇಶ.

ಮಾನ್ಯರೇ,

ಚಳಿ ಹಿಂದೆಗೆಯುತ್ತಿದ್ದು, ಕುರಿಗಳು ಈಯುವ ಕಾಲ ನಡೆಯುತ್ತಿರುತ್ತದೆ. ಈ ಅರ್ಜಿಯನ್ನು ಹಟ್ಟಿಯೊಳಗೆ ಬಕೀಟು ಬೋರಲು ಹಾಕಿ, ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಒಂದು ಕುರಿ ಬೆಳಗಿನಿಂದ ಏಳುವುದು, ಸುತ್ತುವುದು, ನೆಲ ಕೆರೆಯುವುದು, ಮತ್ತೆ ಮಲಗುವುದು ಮಾಡುತ್ತಿದೆ. ಅದು ತನ್ನ ಕೆಲಸ ಮುಗಿಸುವವರೆಗೆ ನಾನು ಇಲ್ಲಿಂದ ಕದಲಕೂಡದೆಂದು ಅತ್ತೆಯವರ ಅಪ್ಪಣೆಯಾಗಿದೆ. ಕಾರಣ, ನಡುನಡುವೆ ಅಕ್ಷರ ಸೊಟ್ಟಗಾಗಿದ್ದರೆ ಅಥವಾ ಕಾಗದಕ್ಕೆ ಹುಲ್ಲು ಅಂಟಿದ್ದರೆ ಮನ್ನಿಸತಕ್ಕದ್ದು. ಇನ್ನು ಮೇಲ್ಕಂಡ ವಿಷಯದಲ್ಲಿ ನಡೆದದ್ದನ್ನು ನಡೆದ ಹಾಗೆ ತಮ್ಮ ಅವಗಾಹನೆಗೆ ತರುತ್ತೇನೆ.

1. ನಾನು ಮೂಲತಃ ಪಂಪು ರಿಪೇರಿಯವನು. ಮೋಟಾರು, ಟಿವಿ, ಮೊಬೈಲು, ಕಂಪ್ಯೂಟರು, ಹೀಗೆ ಕರೆಂಟು ತಾಕಿದ್ದೆಲ್ಲ ನನ್ನ ಪಾಲಿಗೇ ಬಂದು ಬೀಳುತ್ತದೆ. ಕುರಿಯ ವಿಷಯದಲ್ಲಿ ನನಗೆ ತಿಳಿವಳಿಕೆ ಇರುವುದಿಲ್ಲ. ಆದರೆ ಕುರಿ ಸಾಕುವ ಮನೆಗೆ ಅಳಿಯನಾಗಿ ಬಂದು ಅಲ್ಲೇ ಉಳಿದದ್ದರಿಂದ, ಕುರಿಗಳಿಗೂ ನನಗೂ ಕಾಲಕ್ರಮೇಣ ಒಂದು ಹೊಂದಾಣಿಕೆ ಏರ್ಪಟ್ಟಿದೆ. ಮನೆಯ ಯಜಮಾನಿಕೆ ಅತ್ತೆಯವರದು. ಕುರಿ ಈಯಿಸುವುದರಲ್ಲಿ ಸುತ್ತಮುತ್ತ ಅವರ ಮಾತೇ ಮಾತು. ಮರಿ ಅಡ್ಡ ತಿರುಗಿದರೆ, ಈದ ಮೇಲೆ ಕಸ ಬೀಳದಿದ್ದರೆ, ತಾಯಿ ಮರಿಯನ್ನು ಒದ್ದು ದೂರ ಮಾಡಿದರೆ, ಎಲ್ಲರೂ ಫೋನು ಮಾಡುವುದು ಅವರಿಗೆ. ಹೋದ ಸಲ ಈಯುವ ಕಾಲದಲ್ಲಿ ಫೋನು ಎಷ್ಟು ಬಡಿದುಕೊಂಡಿತೆಂದರೆ, ಅತ್ತೆ ಅದನ್ನು ಹಿಂಡಿ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಡಬ್ಬದೊಳಗೂ ಅದು ಬಡಿದುಕೊಳ್ಳುತ್ತಲೇ ಇತ್ತು.

2. “ಅಳಿಯಂದ್ರೇ, ನನ್ನ ಬದಲು ಮಾತಾಡೋ ಅಂಥದ್ದು ಏನಾದ್ರೂ ಒಂದು ಜೋಡಿಸಿ” ಎಂದು ಅತ್ತೆಯವರೇ ಅಪ್ಪಣೆ ಕೊಟ್ಟರು. ಆದ್ದರಿಂದ ನಾನು ಕೃತಕ ಬುದ್ಧಿಮತ್ತೆಯ ಒಂದು ಆ್ಯಪನ್ನು, ಅದರಲ್ಲೂ ಯಾರ ಹಂಗಿಲ್ಲದೆ ನಮ್ಮದೇ ಕಂಪ್ಯೂಟರಿನಲ್ಲಿ ಓಡುವಂಥದ್ದನ್ನು, ಇಳಿಸಿಕೊಂಡು ಉಣ್ಣೆ ಗೋದಾಮಿನ ಮೂಲೆಯಲ್ಲಿ ಸ್ಥಾಪಿಸಿದೆ. ಮನೆಯಲ್ಲಿ ಅದನ್ನು ಪೆಟ್ಟಿಗೆ ಎನ್ನುತ್ತಾರೆ. ಬೇಸಿಗೆಯಿಡೀ ಅತ್ತೆಯ ಹಿಂದೆ ತಿರುಗಿ, ಅವರು ಹೇಳಿದ್ದನ್ನೆಲ್ಲ ಟೈಪು ಮಾಡಿ ಪೆಟ್ಟಿಗೆಗೆ ಉಣಿಸಿದೆ. ಸಲಹೆ ಯಾವುದು, ಬೈಗುಳ ಯಾವುದು ಎಂದು ಬಿಡಿಸಲು ಬಾರದ್ದರಿಂದ ಎರಡನ್ನೂ ಉಣಿಸಿದೆ. ಪರಿಣಾಮವಾಗಿ, ಪೆಟ್ಟಿಗೆಯನ್ನು ಏನು ಕೇಳಿದರೂ ಉತ್ತರದ ತಲೆಯಲ್ಲಿ “ಮೊದಲು ಕೈ ತೊಳ್ಕೊಂಡು ಬಾ” ಎಂದೇ ಇರುತ್ತದೆ.

ಅತ್ತೆ ಒಂದು ಮಧ್ಯಾಹ್ನ ಅದರ ಎದುರು ಕೂತು ಒಂದಷ್ಟು ಪ್ರಶ್ನೆ ಕೇಳಿದರು. ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡು, “ಹೇಳೋದು ಸರಿಯಾಗೇ ಹೇಳುತ್ತೆ. ಬಾಯಿ ಮಾತ್ರ ಜಾಸ್ತಿ” ಎಂದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದಳು.

3. ಇಲ್ಲಿ ಚಿಕ್ಕತ್ತೆಯವರ ವಿಷಯ ಬರುತ್ತದೆ. ಇವರು ನಮ್ಮ ಅತ್ತೆಯವರ ಒಡಹುಟ್ಟಿದ ತಂಗಿ. ತೊರೆಯ ಆಚೆ ದಡದಲ್ಲಿ ಇವರ ಮನೆ, ಇವರ ಹಟ್ಟಿ. ನಮ್ಮ ಅಂಗಳದಲ್ಲಿ ನಿಂತರೆ ಅವರು ಬಟ್ಟೆ ಒಣಹಾಕುವುದು ಕಾಣುತ್ತದೆ. ನನ್ನ ಮದುವೆಗೆ ಮುಂಚೆ ಯಾವುದೋ ಕುರಿ ಈಯುವಾಗ ಚಿಕ್ಕತ್ತೆ ಅವಸರ ಮಾಡಿ ಮರಿಯನ್ನು ಎಳೆದರಂತೆ. ಮರಿ ಉಳಿಯಲಿಲ್ಲ. ಆಗ ಅತ್ತೆ ಎಲ್ಲರ ಎದುರಿಗೆ, “ನಿನ್ನದು ಕೊಡಲಿ ಹಿಡಿಯೋ ಕೈ ಕಣೇ, ಮರಿ ಹಿಡಿಯೋ ಕೈ ಅಲ್ಲ” ಎಂದುಬಿಟ್ಟರಂತೆ. ಅಂದಿನಿಂದ ಉಭಯತರಲ್ಲಿ ಮಾತು ಸ್ಥಗಿತಗೊಂಡಿದೆ. ನನ್ನ ಮದುವೆಗೆ ಇಬ್ಬರೂ ಬಂದಿದ್ದರು. ಇಬ್ಬರಿಗೂ ಬೇರೆ ಬೇರೆ ಫೋಟೊ ತೆಗೆಸಬೇಕಾಯಿತು.

ಮಾತು ನಿಂತದ್ದರಿಂದ ಆದ ನಷ್ಟ ಏನೆಂದರೆ, ಊರಿನವರೆಲ್ಲ ಅತ್ತೆಗೆ ಫೋನು ಮಾಡುವಾಗ ಚಿಕ್ಕತ್ತೆಯವರು ಮಾತ್ರ ಮಾಡುವಂತಿರಲಿಲ್ಲ. ಪ್ರತಿ ವರ್ಷ ಅವರ ಹಟ್ಟಿಯಲ್ಲಿ ಒಂದೆರಡು ಮರಿ ಸುಮ್ಮಸುಮ್ಮನೆ ಹೋಗುತ್ತಿದ್ದವು. ಸುದ್ದಿ ಮೇವಿನ ಅಂಗಡಿಯ ಮೂಲಕ ನಮ್ಮ ಮನೆಗೆ ಬರುತ್ತಿತ್ತು. ಆ ದಿನ ಅತ್ತೆ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಯಾಕೆಂದು ಕೇಳಿದರೆ ಉಪ್ಪು ಜಾಸ್ತಿ ಎನ್ನುತ್ತಿದ್ದರು. ಉಪ್ಪು ಸರಿಯಾಗೇ ಇರುತ್ತಿತ್ತು.

4. ಪೆಟ್ಟಿಗೆಗೆ ಹೆಸರು ಬೇಕೆಂಬ ವಿಚಾರ ನನ್ನ ಹೆಂಡತಿಯದು. ಆವರೆಗೆ ಅದನ್ನು ತಲುಪಲು ನಡುವೆ ಚುಕ್ಕೆಗಳಿರುವ ಒಂದು ಉದ್ದನೆಯ ಸಂಖ್ಯೆಯನ್ನು ಫೋನಿನಲ್ಲಿ ಒತ್ತಬೇಕಿತ್ತು. ಅದೂ ನಮ್ಮ ಮನೆಯೊಳಗೆ ನಿಂತು ಒತ್ತಿದರೆ ಮಾತ್ರ ತೆರೆಯುತ್ತಿತ್ತು.

“ಸಂಖ್ಯೆ ಯಾರಿಗೆ ನೆನಪಿರುತ್ತೆ ರೀ. ಒಂದು ಹೆಸರು ಕೊಡಿಸಿ. ಅಮ್ಮನ ಹೆಸರು ಬೇಡ, ನಮ್ಮ ಮನೆ ಹೆಸರೂ ಬೇಡ. ಚಿಕ್ಕಮ್ಮ ಕೇಳೋದು ಪೆಟ್ಟಿಗೇನ, ಹೇಳೋದು ಪೆಟ್ಟಿಗೆ. ಅಮ್ಮನ್ನ ಕೇಳಿದ ಹಾಗೂ ಆಗಲ್ಲ, ಅಮ್ಮ ಹೇಳದೆ ಬಿಟ್ಟ ಹಾಗೂ ಆಗಲ್ಲ” ಎಂದಳು.

ಇಂಥ ನ್ಯಾಯ ತೀರ್ಮಾನ ಯಾವ ಕಚೇರಿಯಿಂದಲೂ ಬರುವುದು ಕಷ್ಟ. ಕಾರಣ, ತಮ್ಮ ಕಚೇರಿಗೆ ಶುಲ್ಕ ಕಟ್ಟಿ ‘ಹಟ್ಟಿಮಾತು’ ಎಂಬ ಹೆಸರನ್ನು ಪಡೆಯಲಾಯಿತು. ಹೆಂಡತಿ ಒಂದು ರಟ್ಟಿನ ಮೇಲೆ ಹೆಸರು ಬರೆದು, ಕೆಳಗೆ “ಕೇಳಿದರೆ ಹೇಳುತ್ತದೆ. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ” ಎಂದು ಸೇರಿಸಿ ಮೇವಿನ ಅಂಗಡಿಯಲ್ಲಿ ನೇತುಹಾಕಿ ಬಂದಳು.

5. ಹೆಸರನ್ನು ಪೆಟ್ಟಿಗೆಗೆ ಜೋಡಿಸುವಾಗ ತಮ್ಮ ಫಾರಮಿನಲ್ಲಿ “ಈ ಹೆಸರು ಯಾವ ವಿಳಾಸಕ್ಕೆ ಹೋಗತಕ್ಕದ್ದು” ಎಂಬ ಒಂದು ಖಾನೆ ಇತ್ತು. ಪೆಟ್ಟಿಗೆಯ ವಿಳಾಸ ನನಗೆ ಬಾಯಿಪಾಠ. ಅದೇ ಸಂಖ್ಯೆಯನ್ನು ತುಂಬಿದೆ. ತಮ್ಮ ಫಾರಮು ಕಿಮಕ್ ಎನ್ನದೆ ಒಪ್ಪಿಕೊಂಡಿತು. ಹೆಸರು ಎಲ್ಲ ಕಡೆ ಹರಡಲು ಎರಡು ದಿನ ಹಿಡಿಯಬಹುದೆಂದು ತಿಳಿಸಿದಿರಿ. ಇದನ್ನು ಅತ್ತೆಗೆ ಹೇಳಿದಾಗ, “ಎರಡು ದಿನವಾ. ನಮ್ಮೂರಲ್ಲಿ ಕೆಟ್ಟ ಹೆಸರಾದ್ರೆ ಅರ್ಧ ಗಂಟೆ ಸಾಕಿತ್ತು” ಎಂದರು.

ವಿಳಾಸದ ಪಕ್ಕದಲ್ಲಿ ಮೂಡಬೇಕಾದ ಬೀಗದ ಗುರುತು ಮೂಡಲಿಲ್ಲ. ಹಟ್ಟಿಗೆ ಬೀಗ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲವಾದ್ದರಿಂದ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎರಡನೆಯ ದಿನ ಅಡುಗೆಮನೆಯಲ್ಲಿ ನಿಂತು ಹೆಂಡತಿಯ ಫೋನಿನಲ್ಲಿ ‘ಹಟ್ಟಿಮಾತು’ ಎಂದು ಒತ್ತಿದೆ. “ಮೊದಲು ಕೈ ತೊಳ್ಕೊಂಡು ಬಾ” ಎಂದು ಬಂತು. ಕೆಲಸ ಮುಗಿಯಿತೆಂದು ತಿಳಿದೆ. ಮನೆಯೊಳಗೆ ನಿಂತು ನೋಡಿದೆನೇ ವಿನಾ ಹೊಸ್ತಿಲು ದಾಟಿ ಹೋಗಿ ನೋಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

6. ಮೊದಲ ಗಿರಾಕಿ ಮೇವಿನ ಅಂಗಡಿಯವನು. ಅವನ ಅಂಗಡಿಯ ಹಿಂದೆಯೂ ಒಂದಷ್ಟು ಕುರಿಗಳಿವೆ. ಒಂದು ಕುರಿ ಈಯಲಾರದೆ ಒದ್ದಾಡುತ್ತಿದ್ದಾಗ ಅವನು ರಟ್ಟಿನ ಮೇಲಿನ ಹೆಸರು ನೋಡಿ ಒತ್ತಿದ್ದಾನೆ. ಅವನ ಸೊಸೆ ಪಕ್ಕದಲ್ಲಿ ನಿಂತು ಓದಿ ಹೇಳಿದ್ದಾಳೆ. ಮಾರನೆಯ ದಿನ ಅವನು ನನ್ನನ್ನು ಅಂಗಡಿಯೆದುರು ತಡೆದು ನಿಲ್ಲಿಸಿದ.

“ಪಂಪಣ್ಣ, ಭಲೇ ಮಾಡಿದ್ದೀಯ. ನಾನು ಬಾಯೇ ಬಿಟ್ಟಿಲ್ಲ, ಅದಕ್ಕೇ ಎಲ್ಲ ಗೊತ್ತು.”

“ಏನಂತು?”

“‘ಒಳಗೆ ಸಿಕ್ಕಿಹಾಕಿಕೊಂಡಿದೆ. ಹಿಂದಿನ ಬಾಗಿಲು ತೆರೆದು, ಎರಡೂ ಕೈಯಿಂದ ನಿಧಾನವಾಗಿ ಎಳೆಯಿರಿ. ಹರಿಯದಂತೆ ಎಚ್ಚರ ವಹಿಸಿ’ ಅಂತು. ಹಾಗೇ ಮಾಡ್ದೆ. ಮರಿ ಬಂತು.”

“ಕೈ ತೊಳ್ಕೊ ಅನ್ನಲಿಲ್ವಾ?”

“ಇಲ್ಲಪ್ಪ. ಕೊನೇಲಿ ಶಾಯಿ ಕಮ್ಮಿ ಇದೆ ಅಂತ ಏನೋ ಇತ್ತಂತೆ. ಸೊಸೆ ಅಂದಳು, ರಕ್ತ ಕಮ್ಮಿ ಅಂತ ಇರಬೇಕು ಮಾವ ಅಂತ. ಬೆಲ್ಲದ ನೀರು ಕುಡಿಸಿದ್ವಿ.”

ಅತ್ತೆಯವರು ಶಾಯಿಯ ಮಾತು ಆಡಿದ್ದು ನನಗೆ ನೆನಪಿಲ್ಲ. ಆದರೂ ಮರಿ ಬದುಕಿದ್ದರಿಂದ ಹೆಚ್ಚು ತನಿಖೆಗೆ ಹೋಗಲಿಲ್ಲ. ಅವನು ರಶೀದಿ ಮುದ್ರಿಸುವ ಪ್ರಿಂಟರು ಕಾಗದ ಸಿಕ್ಕಿಕೊಂಡು ಅಂಗಡಿಯಲ್ಲಿ ಕೆಟ್ಟು ಕೂತಿದೆ ಎಂಬ ಸಂಗತಿ ನನಗೆ ಆಗಲೇ ಗೊತ್ತಿತ್ತು. ರಿಪೇರಿಗೆ ಬಾ ಎಂದು ಅವನೇ ಹೇಳಿಯೂ ಇದ್ದ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಆಗ ಬರಲಿಲ್ಲ.

(ಇಲ್ಲಿ ಬರವಣಿಗೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಗಿತ್ತು. ಕುರಿ ಎದ್ದು ನಿಂತು ನನ್ನನ್ನೇ ನೋಡುತ್ತಿತ್ತು. ಅತ್ತೆ ಬಂದು, ನೋಡಿ, “ಇನ್ನೂ ಹೊತ್ತಿದೆ, ಬರೀರಿ” ಎಂದು ಹೋದರು.)

7. ಇನ್ನು ಮುಖ್ಯ ಘಟನೆ. ಆ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಅತ್ತೆ ಅಂಗಳದಲ್ಲಿ ಕೂತು ಕುರಿಯ ಗೊರಸು ಕತ್ತರಿಸುತ್ತಿದ್ದರು. ನಾನು ಕುರಿಯ ತಲೆ ಹಿಡಿದುಕೊಂಡಿದ್ದೆ. ಚಿಕ್ಕತ್ತೆಯವರು ತೊರೆಯ ನೀರಿನಲ್ಲಿ ಚಪ್ಪಲಿ ಸಮೇತ ಇಳಿದು, ಮೊಣಕೈವರೆಗೆ ಸೋಪಿನ ನೊರೆ, ಒಂದು ಕೈಯಲ್ಲಿ ಫೋನು, ತಲೆಗೆ ಕೆಂಪು ಶಾಲು, ನೇರ ನಮ್ಮ ಅಂಗಳಕ್ಕೆ ಬಂದರು. ನಾನು ಈ ಮನೆಗೆ ಬಂದಾಗಿನಿಂದ ಅವರು ಈ ಅಂಗಳ ತುಳಿದದ್ದು ಅದೇ ಮೊದಲು.

“ಅಕ್ಕ, ನನ್ನ ಹಟ್ಟೀಲಿ ಕಣ್ಣು ಇಟ್ಟಿದ್ದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?”

ಅತ್ತೆ ತಲೆ ಎತ್ತಲಿಲ್ಲ. “ಅಳಿಯಂದ್ರೇ, ಅಂಗಳಕ್ಕೆ ಯಾರೋ ಬಂದ ಹಾಗಿದೆ. ಏನು ಬೇಕಂತೆ ಕೇಳಿ.”

ನಾನು ಕೇಳಿದೆ. “ಏನು ಬೇಕಂತೆ ಚಿಕ್ಕತ್ತೆ?”

“ಏನೂ ಬೇಡ ಅಂತ ಹೇಳಿ. ಹಟ್ಟಿಮಾತು ಅಂತೆ. ಯಾರಿಗೂ ಹೇಳಲ್ಲ ಅಂತೆ. ನಾನು ಒತ್ತಿದ್ರೆ ನನ್ನ ಹಟ್ಟೀನೇ ಬರ್ತಿದೆ. ನನ್ನ ಕುರೀನೇ ಬಿದ್ದುಕೊಂಡಿದೆ. ನಾನೇ ನಿಂತಿದ್ದೀನಿ. ನನ್ನ ಬೆನ್ನು ನನಗೇ ತೋರಿಸ್ತಾಳಂತೆ. ಕೈ ಎತ್ತಿದ್ರೆ ಅದೂ ಎತ್ತುತ್ತೆ, ಸ್ವಲ್ಪ ತಡೆದು. ಅಣಕಿಸೋ ಹಾಗೆ.”

ಫೋನನ್ನು ನನ್ನ ಮುಖಕ್ಕೆ ಹಿಡಿದರು. ಅವರು ತಮ್ಮ ಹಟ್ಟಿ ಬಿಟ್ಟಾಗ ಅದರಲ್ಲಿ ನಿಂತುಹೋದ ಚಿತ್ರ ಹಾಗೇ ಇತ್ತು. ಮೇಲಿನಿಂದ ತೆಗೆದ ಹಟ್ಟಿ, ಮಲಗಿದ ಕುರಿ, ಕೆಂಪು ಶಾಲಿನ ಬೆನ್ನು. ನರಿ ಕಾಟಕ್ಕೆಂದು ಅವರ ಹಟ್ಟಿಯ ತೊಲೆಗೆ ಕೇಬಲ್ಲಿನವನು ಒಂದು ಕ್ಯಾಮೆರಾ ಬಿಗಿದು ಹೋಗಿದ್ದ. “ಅದೇ ನೋಡ್ಕೊಳ್ಳುತ್ತೆ” ಎಂದು ಅವನು ಹೇಳಿದ್ದನ್ನು ಚಿಕ್ಕತ್ತೆ ಹಾಗೆಯೇ ನಂಬಿ, ತಾವು ಅದರಲ್ಲಿ ನೋಡುವ ಗೋಜಿಗೆ ಎಂದೂ ಹೋಗಿರಲಿಲ್ಲ.

“ಅಳಿಯಂದ್ರೇ, ಅವರ ಬೆನ್ನು ನೋಡಿ ನನಗೇನಾಗಬೇಕು ಅಂತ ಹೇಳಿ. ಇಷ್ಟು ವರ್ಷ ಅದನ್ನೇ ನೋಡಿದ್ದಾಯ್ತು.”

“ನೋಡೋಳು ನೋಡಲಿ. ಮರೀದು ಒಂದೇ ಕಾಲು ಬಂದು ನಿಂತಿದೆ. ಅದನ್ನೂ ನೋಡಿ ನಕ್ಕೊಳ್ಳಲಿ ಅಂತ ಹೇಳಿ.”

ಉಭಯತರ ನಡುವೆ ರವಾನೆ ವಿಭಾಗವಾಗಿ ಕೆಲಸ ಮಾಡುತ್ತಿದ್ದ ನಾನು ಇದನ್ನೂ ರವಾನಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯ ಕೈಯ ಕತ್ತರಿ ನಿಂತಿತು.

“ಮುಂಗಾಲೋ ಹಿಂಗಾಲೋ?”

ಇದನ್ನು ನನಗೆ ಹೇಳಿದ್ದಲ್ಲ. ಚಿಕ್ಕತ್ತೆಯೂ ನನ್ನ ಕಡೆ ನೋಡಲಿಲ್ಲ.

“ಗೊರಸು ಕೆಳಗೆ ಮುಖ ಮಾಡಿದೆ.”

“ಮುಂಗಾಲು. ತಲೆ?”

“ಸಿಗಲಿಲ್ಲ.”

“ಎಷ್ಟೊತ್ತಾಯ್ತು?”

“ಬೆಳಕು ಹರಿಯೋ ಮುಂಚಿನಿಂದ.”

“ಇಲ್ಲಿವರೆಗೆ ಫೋನು ಹಿಡ್ಕೊಂಡು ನಿಂತಿದ್ಯಾ? ನಡಿ.”

ಅತ್ತೆಗೆ ಮಂಡಿ ನೋವು. ತೊರೆ ದಾಟುವಾಗ ಯಾರ ಕೈಯನ್ನೂ ಹಿಡಿಯಲೊಲ್ಲರು. ಆ ದಿನ ಚಿಕ್ಕತ್ತೆಯ ಶಾಲಿನ ತುದಿ ಹಿಡಿದುಕೊಂಡು ದಾಟಿದರು. ಶಾಲನ್ನು ಹಿಡಿದದ್ದು, ಕೈಯನ್ನಲ್ಲ ಎಂಬುದನ್ನು ಅತ್ತೆಯವರ ಪರವಾಗಿ ಸ್ಪಷ್ಟಪಡಿಸುತ್ತೇನೆ.

8. ಹಟ್ಟಿಯಲ್ಲಿ ಕುರಿ ಕತ್ತು ಚಾಚಿ ಮಲಗಿತ್ತು. ಅತ್ತೆ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ತಮ್ಮ ಬೆರಳುಗಳನ್ನು ಒಮ್ಮೆ ಮಡಿಸಿ, ಬಿಡಿಸಿ ನೋಡಿಕೊಂಡರು. ಬೆರಳಿನ ಗಂಟುಗಳು ಊದಿ ಒಂದೆರಡು ವರ್ಷವಾಗಿದೆ. ಇದು ಊರಿನವರಿಗೆ ತಿಳಿಯದು. ಫೋನಿನಲ್ಲಿ ಮಾತಾಡಲು ಬೆರಳು ಬೇಕಿಲ್ಲವಷ್ಟೇ.

“ನನ್ನ ಕೈ ಒಳಗೆ ಹೋಗಲ್ಲ. ನೀನೇ ಹಾಕು” ಎಂದರು.

ಚಿಕ್ಕತ್ತೆ ಕದಲಲಿಲ್ಲ. “ನನ್ನದು ಕೊಡಲಿ ಹಿಡಿಯೋ ಕೈ.”

“ಹಾಕೇ.”

ಚಿಕ್ಕತ್ತೆ ಮತ್ತೊಮ್ಮೆ ಸೋಪು ಹಚ್ಚಿಕೊಂಡು ಮಂಡಿಯೂರಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು. “ಕಾಲನ್ನ ಒಳಕ್ಕೆ ತಳ್ಳು. ಎಳೀಬೇಡ, ತಳ್ಳು. ಅದು ನೋವು ಕೊಡುವಾಗ ಸುಮ್ಮನಿರು. ಈಗ ಹೋಗು. ಮೆತ್ತಗೆ ಸಿಗ್ತಿರೋದು ಏನು?”

“ಕಿವಿ ಇರಬೇಕು.”

“ಹಾಗಾದ್ರೆ ತಲೆ ಪಕ್ಕಕ್ಕೆ ತಿರುಗಿದೆ. ಕಿವಿ ಹಿಡೀಬೇಡ. ಕೆಳಗೆ ದವಡೆ ಸಿಗುತ್ತೆ. ಅಂಗೈ ಒಳಗೆ ಮೂತಿ ಮುಚ್ಚಿಕೊಂಡು ತಿರುಗಿಸು. ಹಲ್ಲು ತಾಯಿಗೆ ತಾಕಬಾರದು.”

“ತಿರುಗ್ತಿಲ್ಲ ಅಕ್ಕ.”

“ತಿರುಗುತ್ತೆ. ಅವಸರ ಇಲ್ಲ. ಯಾರೂ ನೋಡ್ತಿಲ್ಲ.”

ಮೇಲೆ ತೊಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ನಾನು ಅದನ್ನು ನೋಡಿದೆ. ಚಿಕ್ಕತ್ತೆಯೂ ಒಮ್ಮೆ ನೋಡಿದರು.  ಆಮೇಲೆ ಅವರ ಭುಜ ಸಡಿಲವಾಯಿತು. ಮೂತಿ ಕಂಡಿತು, ಹಣೆ ಕಂಡಿತು, ಮರಿ ಹುಲ್ಲಿನ ಮೇಲೆ ಜಾರಿ ಬಿತ್ತು. ಹಿಂದೆಯೇ ಇನ್ನೊಂದು ಯಾರ ಸಹಾಯವೂ ಇಲ್ಲದೆ ಬಂದುಬಿಟ್ಟಿತು. ಅತ್ತೆ ಮೊದಲನೆಯದರ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದರು. ಅದು ಸೀನಿತು.

9. ತದನಂತರ ಮರಿಯ ವಿವಾದ ಹುಟ್ಟಿಕೊಂಡಿತು. ಮರಿಗಳು ಎದ್ದು ಓಡಾಡುವಂತಾದ ಮೇಲೆ ಚಿಕ್ಕತ್ತೆ ಒಂದನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದು ನಮ್ಮ ಹಟ್ಟಿಯಲ್ಲಿ ಬಿಟ್ಟರು. “ನಿನ್ನ ಋಣ ನನಗೆ ಬೇಡ. ಒಂದು ನಿಂದು.”

“ಕೈ ನಿಂದು, ಕುರಿ ನಿಂದು, ಮರೀನೂ ನಿಂದೇ. ನಾನು ಬಾಯಿ ಆಡಿಸಿದ್ದಕ್ಕೆ ಮರಿ ತಗೊಳ್ಳೋಕೆ ಶುರು ಮಾಡಿದ್ರೆ ಊರಿನ ಕುರಿಯೆಲ್ಲ ನಂದೇ ಆಗ್ತಿತ್ತು” ಎಂದು ಅತ್ತೆ ಸಂಜೆ ಅದನ್ನು ಎತ್ತಿಕೊಂಡು ತೊರೆ ದಾಟಿ ವಾಪಸ್ಸು ಬಿಟ್ಟು ಬಂದರು. ಮಾರನೆಯ ಬೆಳಿಗ್ಗೆ ಚಿಕ್ಕತ್ತೆ ಮತ್ತೆ ತಂದರು. ಸಂಜೆ ಅತ್ತೆ ಮತ್ತೆ ಒಯ್ದರು. ಈ ವ್ಯವಸ್ಥೆ ಇಂದಿಗೂ ಜಾರಿಯಲ್ಲಿದೆ.

ನಮ್ಮ ಹಟ್ಟಿಯಲ್ಲಿ ಮರಿ ಕಳೆದುಕೊಂಡ ಕುರಿಯೊಂದು ಇದನ್ನು ತನ್ನದೆಂದು ಸೇರಿಸಿಕೊಂಡಿದೆ. ಆದ್ದರಿಂದ ಹಗಲು ಒಂದು ತಾಯಿ, ರಾತ್ರಿ ಒಂದು ತಾಯಿ. ಈ ಪ್ರಕರಣದಲ್ಲಿ ನಿಶ್ಚಿತ ಲಾಭ ಪಡೆದಿರುವ ಏಕೈಕ ಪಕ್ಷ ಮರಿ. ಅದರ ಹೊಟ್ಟೆ ನೆಲಕ್ಕೆ ತಾಕುತ್ತಿದೆ.

ಮರಿ ಕೊಡಲು ಬಂದವರು ಕೊಟ್ಟು ಸುಮ್ಮನೆ ಹೋಗುವುದಿಲ್ಲ. ಮೊದಲು ಜಗಳ. ಜಗಳದ ನಡುವೆ, “ಆ ಕಂದು ಕುರಿ ಕೆಚ್ಚಲು ಗಟ್ಟಿಯಾಗಿದೆ, ನೀನೇನು ಹೇಳೋದು ಬೇಡ, ಸುಮ್ಮನೆ ಹೇಳ್ತಿದ್ದೀನಿ” ಎಂದು ಚಿಕ್ಕತ್ತೆ. “ನಾನೇನು ಹೇಳ್ತಿಲ್ಲ, ಬಿಸಿನೀರಿನ ಬಟ್ಟೆ ಇಟ್ಟು ಹಾಲು ಕರೆದುಬಿಡು” ಎಂದು ಅತ್ತೆ. ಈ ಸಲ ಈವರೆಗೆ ಆಚೆ ದಡದಲ್ಲಿ ಒಂದು ಮರಿಯೂ ಹೋಗಿಲ್ಲ. ಅತ್ತೆ ಉಪ್ಪಿನ ಬಗ್ಗೆ ತಕರಾರು ಎತ್ತಿಲ್ಲ.

10. ಇಂಥ ಸಮಯದಲ್ಲಿ ತಮ್ಮ ಸೂಚನೆ ಬಂತು: “ತಮ್ಮ ಹೆಸರು ಮನೆಯೊಳಗಿನ ವಿಳಾಸಕ್ಕೆ ಜೋಡಣೆಯಾಗಿದ್ದು, ಹೊರಗಿನವರನ್ನು ತಮ್ಮಲ್ಲಿಗೆ ತಲುಪಿಸುತ್ತಿಲ್ಲ. ಅವಧಿಯೊಳಗೆ ತಿದ್ದತಕ್ಕದ್ದು. ತಪ್ಪಿದಲ್ಲಿ ದಾಖಲೆ ರದ್ದಾಗುವುದು.” ಓದಿದಾಗ ನನ್ನ ತಪ್ಪು ನನಗೆ ತಿಳಿಯಿತು. ನಾನು ತುಂಬಿದ್ದು ಲೋಕಕ್ಕೆ ತಿಳಿಯುವ ವಿಳಾಸವಲ್ಲ. ‘ಹಿಂದಿನ ಕೋಣೆ’ ಎಂದು ಬರೆದಂತೆ, ಮನೆಯೊಳಗೆ ಮಾತ್ರ ಅರ್ಥವಿರುವ ಸಂಖ್ಯೆ. ಹಿಂದಿನ ಕೋಣೆಗೆ ಹೋಗು ಎಂದರೆ ಯಾರಾದರೂ ಅವರವರ ಮನೆಯ ಹಿಂದಿನ ಕೋಣೆಗೇ ಹೋಗುತ್ತಾರೆ. ಕೇಬಲ್ಲಿನವನು ಎಲ್ಲರ ಮನೆಗೂ ಒಂದೇ ಬಗೆಯ ಇಂಟರ್ನೆಟ್ ಡಬ್ಬಿ ಕೂರಿಸಿರುವುದರಿಂದ ಎಲ್ಲರ ಮನೆಯಲ್ಲೂ ಅದೇ ಸಂಖ್ಯೆ ಇದೆ. ನಮ್ಮಲ್ಲಿ ಅದು ಪೆಟ್ಟಿಗೆ, ಮೇವಿನ ಅಂಗಡಿಯಲ್ಲಿ ಪ್ರಿಂಟರು, ಚಿಕ್ಕತ್ತೆಯಲ್ಲಿ ಕ್ಯಾಮೆರಾ.

ಇದನ್ನು ಹೇಗೆ ತಿದ್ದಬೇಕೆಂದು ಈಗ ನನಗೆ ಗೊತ್ತು. ಕಾಲು ಗಂಟೆಯ ಕೆಲಸ. ಹೊರಗಿನ ವಿಳಾಸ ತುಂಬಿ, ನಮ್ಮ ಡಬ್ಬಿಯಲ್ಲಿ ಪೆಟ್ಟಿಗೆಯ ಕಡೆಗೆ ಒಂದು ಬಾಗಿಲು ತೆರೆದರೆ ಮುಗಿಯಿತು. ಕೆಟ್ಟದ್ದನ್ನು ಸರಿ ಮಾಡುವುದೇ ನನ್ನ ಹೊಟ್ಟೆಪಾಡು. ಸರಿ ಮಾಡದೆ ಇರಲು ಅರ್ಜಿ ಹಾಕುತ್ತಿರುವುದು ಇದೇ ಮೊದಲು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮತ್ತು ಹೆಂಡತಿಗೆ ಎಲ್ಲವನ್ನೂ ವಿವರಿಸಿ, ನಾಳೆಯೇ ತಿದ್ದುತ್ತೇನೆ ಎಂದೆ. ಹೆಂಡತಿ ಸಾರಿನ ಸೌಟನ್ನು ಹಾಗೇ ಹಿಡಿದುಕೊಂಡು ಕೂತಳು.

ಅತ್ತೆ ತುತ್ತು ಮುಗಿಸಿ ಹೇಳಿದರು. “ಅಳಿಯಂದ್ರೇ, ನಿಮಗೆ ಎಷ್ಟು ಸಲ ಹೇಳಿದ್ದೀನಿ. ತಾನಾಗೇ ಬರ್ತಿರೋದಕ್ಕೆ ಮಧ್ಯ ಕೈ ಹಾಕಬಾರದು.”

ಉಲ್ಲೇಖ 2ರಲ್ಲಿ ನಮೂದಿಸಿದ ಮೌಖಿಕ ಆದೇಶ ಇದೇ ಆಗಿರುತ್ತದೆ. ಅತ್ತೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಚಿಕ್ಕತ್ತೆ ಮರಿ ತಂದಾಗ, “ನಿನ್ನೆ ಸಂಜೆ ನೀರು ಇಡೋಕೆ ತಡ ಮಾಡಿದ್ಯಲ್ಲ” ಎನ್ನುತ್ತಾರೆ. ಮರಿಯ ಮೂತಿ ನೋಡಿ ಊಹಿಸುತ್ತಾರೆ. “ಅದನ್ನೂ ನೋಡಿದ್ಯಾ” ಎಂದು ಚಿಕ್ಕತ್ತೆ ಸಿಡುಕುತ್ತಾರೆ. ಸಿಡುಕಿ ಹೋದವರು ಹಟ್ಟಿ ಗುಡಿಸುತ್ತಾರೆ. ಈಚೆಗೆ ದಿನವೂ ಗುಡಿಸುತ್ತಾರೆ.

11. ಇಂದು ಬೆಳಿಗ್ಗೆ ನಡೆದದ್ದನ್ನೂ ಮುಚ್ಚಿಡದೆ ಹೇಳಬೇಕು. ತೊರೆಯ ಆಚೆ ದಡದಲ್ಲಿ ನಾನು ಪೈಪು ತೊಳೆಯುತ್ತಿದ್ದಾಗ ಚಿಕ್ಕತ್ತೆ ಮರಿಯೊಂದಿಗೆ ಬಂದರು. ದಾಟುವ ಮೊದಲು ನನ್ನ ಪಕ್ಕ ನಿಂತರು.

“ಕೇಬಲ್ಲಿನವನು ಬಂದಿದ್ದ.”

ನಾನು ಪೈಪು ತೊಳೆಯುವುದನ್ನು ಮುಂದುವರಿಸಿದೆ.

“ಅದು ನನ್ನದೇ ಕ್ಯಾಮೆರಾ ಅಂತೆ. ನನಗೊಬ್ಬಳಿಗೇ ಕಾಣೋದಂತೆ. ಅಕ್ಕ ನೋಡೋದೂ ಇಲ್ಲ, ಏನೂ ಇಲ್ಲ.” ಮರಿಯ ಕಿವಿಯನ್ನು ಬೆರಳಲ್ಲಿ ಉಜ್ಜುತ್ತಿದ್ದರು. “ನಿಮಗೆ ಗೊತ್ತಿತ್ತಾ?”

“ಈಚೆಗೆ ಗೊತ್ತಾಯ್ತು ಚಿಕ್ಕತ್ತೆ.”

“ಹ್ಞೂಂ. ಅಕ್ಕನಿಗೆ ಹೇಳಬೇಡಿ.”

“ಏನು ಅಂತ?”

“ನನಗೆ ಗೊತ್ತಾಯ್ತು ಅಂತ. ಅವಳು ನೋಡ್ತಾಳೆ ಅಂತ ನಾನು ನಂಬಿದ್ದೀನಿ ಅಂದ್ಕೊಂಡಿರಲಿ, ಪಾಪ.”

ಇಷ್ಟು ಹೇಳಿ ತೊರೆ ದಾಟಿದರು. ನಮ್ಮ ಅಂಗಳದಿಂದ ಅತ್ತೆಯ ದನಿ ಕೇಳಿತು: “ಬಂದ್ಯಾ ಮಹರಾಯ್ತಿ, ಮತ್ತೆ ತಂದ್ಯಾ ಅದನ್ನ.”

ಆದ್ದರಿಂದ ಮಾನ್ಯರೇ, ಉಭಯತರಿಗೂ ವಿಷಯ ತಿಳಿದಿದ್ದು, ಒಬ್ಬರು ಇನ್ನೊಬ್ಬರಿಗೆ ತಿಳಿಸದೆ ಇರುವ ಕಾರಣ, ತಪ್ಪು ಊರ್ಜಿತದಲ್ಲಿದೆ. ವಿಳಾಸ ತಿದ್ದಿದಲ್ಲಿ, ಹೆಸರು ಒತ್ತಿದ ಕೂಡಲೆ ಚಿಕ್ಕತ್ತೆಯವರಿಗೆ ಪೆಟ್ಟಿಗೆ ಸಿಗುತ್ತದೆ. ಪೆಟ್ಟಿಗೆ ಎಲ್ಲವನ್ನೂ ಸರಿಯಾಗಿ ಹೇಳುತ್ತದೆ. ಆಮೇಲೆ ತೊರೆ ದಾಟಲು ನೆಪ ಇರುವುದಿಲ್ಲ. ದಾಖಲೆ ರದ್ದಾದಲ್ಲಿ, ಪರದೆ ಖಾಲಿ ಬಂದು, ಕಣ್ಣಿಟ್ಟಿದ್ದೀಯ ಎಂದು ಜಗಳಕ್ಕೆ ಬರಲೂ ಆಧಾರ ಇರುವುದಿಲ್ಲ. ಕಾರಣ, ನಮ್ಮ ಹೆಸರನ್ನು ತಿದ್ದದೆಯೂ ರದ್ದುಪಡಿಸದೆಯೂ, ಯಾರು ಒತ್ತಿದರೂ ಅವರವರ ಮನೆಗೇ ಹೋಗುವಂತೆ, ಮುಂದಿನ ಆದೇಶದವರೆಗೆ ಯಥಾಸ್ಥಿತಿಯಲ್ಲಿ ಬಿಡಬೇಕೆಂದು ಕೋರುತ್ತೇನೆ. ಮುಂದಿನ ಆದೇಶವನ್ನು ತಾವು ಹೊರಡಿಸದಿದ್ದರೆ ಇನ್ನೂ ಅನುಕೂಲ.

ವಾರ್ಷಿಕ ಶುಲ್ಕವನ್ನು ಕಟ್ಟುತ್ತಲೇ ಇರುತ್ತೇನೆ.

ತಮ್ಮಲ್ಲಿ ಸದ್ಯಕ್ಕೆ ವಿಶ್ವಾಸ ಇಟ್ಟುಕೊಂಡಿರುವ,
(ಸಹಿ)
ಪಂಪು ರಿಪೇರಿಯವನು

ಲಗತ್ತುಗಳು:
ತಮ್ಮ ಸೂಚನೆಯ ಪ್ರತಿ.
ಹಿಂದಿನ ಬಾಗಿಲು ತೆರೆದು ಎಳೆದದ್ದರಿಂದ ಪೂರ್ಣ ತೃಪ್ತಿಯಾಗಿದೆ ಎಂದು ಮೇವಿನ ಅಂಗಡಿಯವನು ಬರೆದುಕೊಟ್ಟ ಪತ್ರ. (ಪ್ರಿಂಟರಿನ ವಿಷಯ ಅವನಿಗೆ ಇನ್ನೂ ಹೇಳಿಲ್ಲ.)
ಅತ್ತೆ ಮತ್ತು ಚಿಕ್ಕತ್ತೆಯವರ ಒಪ್ಪಿಗೆ ಪತ್ರ: ಲಗತ್ತಿಸಿಲ್ಲ. ಒಬ್ಬರ ಸಹಿಯನ್ನು ಇನ್ನೊಬ್ಬರು ನೋಡುವ ಸಂಭವವಿದೆ.
ಮರಿ: ಲಗತ್ತಿಸಿಲ್ಲ. ಹಾಲು ಬಿಟ್ಟಿಲ್ಲ.

ಅಡಿ ಟಿಪ್ಪಣಿ: ಇದನ್ನು ಮುಗಿಸುವ ಹೊತ್ತಿಗೆ ನನ್ನ ಎದುರಿನ ಕುರಿ ಈದಿದೆ. ಸಂಜೆಯಾಗಿದ್ದು, ಅತ್ತೆ ಚಪ್ಪಲಿ ಹುಡುಕುತ್ತಿದ್ದಾರೆ. ಮರಿ ಈಚೆಗೆ ಒಂದೊಂದು ಎಳೆ ಹುಲ್ಲು ಕಡಿಯುತ್ತಿದ್ದು, ಇನ್ನು ಸ್ವಲ್ಪ ದಿನಕ್ಕೆ ಅದನ್ನು ಎತ್ತಿಕೊಂಡು ತೊರೆ ದಾಟುವುದು ಇಬ್ಬರ ಕೈಯಲ್ಲೂ ಆಗಲಾರದು. “ಆಗ ಏನು ಮಾಡ್ತೀರಿ ಅತ್ತೆ?” ಎಂದು ಕೇಳಿದೆ. “ನಡೆಸ್ಕೊಂಡು ಹೋಗ್ತೀನಿ” ಎಂದರು. ಹೀಗಾಗಿ ಒಂದು ಮರಿಯ ಋಣ ಇನ್ನೂ ತೀರಿಲ್ಲ, ಯಾರು ಯಾರಿಗೆ ತೀರಿಸಬೇಕೆಂಬುದೂ ಇತ್ಯರ್ಥವಾಗಿಲ್ಲ. ಇದನ್ನು ಬೇಗ ಇತ್ಯರ್ಥಪಡಿಸುವಂತೆ ತಮ್ಮ ಕಚೇರಿಯಿಂದಾಗಲಿ ಬೇರಾವ ಕಚೇರಿಯಿಂದಾಗಲಿ ಒತ್ತಾಯ ಬಾರದಂತೆ ನೋಡಿಕೊಳ್ಳಬೇಕಾಗಿ ವಿನಂತಿ.